ಚಷ್ಮಾದ ಮೇಲಿನ ಉಸಿರು

ಬಾಯಿಮಾತು ನಿಂತ ಮೇಲೆ ಹೆಂಡತಿ ಮಹಾನಂದಾ ಮೊದಲಿಗಿಂತ ಮೆತ್ತಗಾದಳು ಎಂದು ಚನ್ನವೀರ ಕುಸೂಗಲ್ಲನಿಗೆ ಅನ್ನಿಸತೊಡಗಿ ಕೆಲವು ತಿಂಗಳಾಗಿದ್ದವು. ಕಾಯಿಲೆ ಮನುಷ್ಯರನ್ನು ಮಾಗಿಸುತ್ತದೆ ಎಂದುಕೊಂಡು ಅವನು ಸಮಾಧಾನವನ್ನೂ ಪಟ್ಟಿದ್ದ.

ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರ ಅವನದೊಂದು ಚಷ್ಮಾದಂಗಡಿ. ಮಹಾನಂದಾ ತನ್ನ ನೌಕರಿಯ ಕಾಲವನ್ನೆಲ್ಲ ವಿದ್ಯುತ್ ದೂರು ಕೇಂದ್ರದಲ್ಲಿ ಫೋನು ಎತ್ತುತ್ತಲೇ ಕಳೆದವಳು. ಕರೆಂಟು ಹೋದ ಮನೆಯವರು ಬಾಯಿಗೆ ಬಂದಂತೆ ಬೈದರೂ 'ನಿಮ್ಮ ತೊಂದರೆ ಅರ್ಥವಾಗುತ್ತದೆ ಸರ್, ನಾನು ನೋಡುತ್ತೇನೆ ಸರ್' ಎಂದು ಬೆಣ್ಣೆಯಂಥ ದನಿಯಲ್ಲಿ ಹೇಳುತ್ತಿದ್ದಳು. ಹಗಲೆಲ್ಲ ನುಂಗಿಕೊಂಡದ್ದನ್ನು ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೊರಗೆ ಹಾಕುತ್ತಿದ್ದಳು. 'ಹಾಲು ಉಕ್ಕಿದ್ದು ಮೂಗಿಗೆ ಬಡಿಯಾಂಗಿಲ್ಲೇನು ನಿಮಗ? ಮನುಷ್ಯಾರು ಇರೋ ಮನಿ ಹೌದೋ ಅಲ್ಲೋ ಇದು?' ಚನ್ನವೀರ ಉತ್ತರ ಕೊಡದೆ ಒಲೆ ಒರೆಸುತ್ತಿದ್ದ. ಅವರ ಸಂಸಾರ ಹೀಗೇ ಚೆನ್ನಾಗಿ ನಡೆದಿತ್ತು.

ಆಮೇಲೆ ಅವಳ ನರಗಳಿಗೆ ಆ ಕಾಯಿಲೆ ಬಂತು. ಮೊದಲು ಬೆರಳು, ಆಮೇಲೆ ಕಾಲು, ನಾಲಿಗೆ, ಕೊನೆಗೆ ಉಸಿರೆಳೆಯುವ ಸ್ನಾಯುಗಳು ಒಂದೊಂದಾಗಿ ಕೈಬಿಟ್ಟವು. ಕಣ್ಣು ಮಾತ್ರ ಉಳಿದವು. ಉಸಿರಿಗೆ ಒಂದು ಮಷಿನ್ನು ಬಂತು. ಅದರ ನಳಿಗೆ ಮೂಗಿನ ಮಾಸ್ಕಿಗೆ ಸೇರಿತ್ತು. ಮಾತಿಗೆ ಇನ್ನೊಂದು ಮಷಿನ್ನು ಬಂತು. ಗಾಲಿಕುರ್ಚಿಗೆ ಸಿಕ್ಕಿಸಿದ ಚಪ್ಪಟೆ ಪರದೆ, ಅದರ ಕೆಳಗೆ ಕಣ್ಣು ನೋಡುವ ಕ್ಯಾಮೆರಾ. ಪರದೆಯ ಮೇಲಿನ ಯಾವ ಅಕ್ಷರವನ್ನು ಅವಳು ದಿಟ್ಟಿಸುತ್ತಾಳೆಂದು ಹಿಡಿದು, ಅಕ್ಷರಗಳನ್ನು ಕೂಡಿಸಿ, ಅವಳದೇ ದನಿಯಲ್ಲಿ ಓದುತ್ತಿತ್ತು. ಅವಳ ದನಿ ಸಿಕ್ಕಿದ್ದು ದೂರು ಕೇಂದ್ರದ ಹಳೆಯ ಧ್ವನಿಮುದ್ರಣಗಳಿಂದ. ಸಾವಿರಾರು ತಾಸಿನ ಮಾತು ಅಲ್ಲಿತ್ತು. ಅವಳ ತಂಗಿ ಕಸ್ತೂರಿ ಅಕ್ಕನ ಆರೈಕೆಗೆಂದು ಬಂದು ಮನೆಯಲ್ಲೇ ಉಳಿದಿದ್ದಳು. ಆ ಯಂತ್ರಕ್ಕೆ ಮಾತಿನ ಡಬ್ಬಿ ಎಂದು ಹೆಸರಿಟ್ಟವಳು ಅವಳೇ.

ಮೊದಮೊದಲು ಡಬ್ಬಿ ನಿಧಾನವಾಗಿ ಮಾತಾಡುತ್ತಿತ್ತು. ಆಡಿದ್ದು ಮಾತ್ರ ಖಾರವಾಗಿಯೇ ಇರುತ್ತಿತ್ತು. ಉಸಿರು ಇನ್ನೂ ಇಳಿದಾಗ ಮೂಗಿನ ಮಾಸ್ಕು ಸಾಲದೆ ಆಸ್ಪತ್ರೆಯವರು ಮೂಗು ಬಾಯಿ ಎರಡನ್ನೂ ಮುಚ್ಚುವ ದೊಡ್ಡ ಮಾಸ್ಕು ಹಾಕಿದರು. ಮೂಗಿನ ದಿಣ್ಣೆಯ ಮೇಲೆ ಅದರ ಅಂಚು ಕೂತು, ಅವಳು ಹಾಕಿಕೊಂಡಿದ್ದ ಚಷ್ಮಾ ಅರ್ಧ ಬೆರಳಿನಷ್ಟು ಮುಂದಕ್ಕೆ ಸರಿಯಿತು. ಗಾಜಿನ ಮೇಲೆ ಆಗಾಗ ತೆಳ್ಳಗೆ ಆವಿ ಕಟ್ಟುತ್ತಿತ್ತು. ಚನ್ನವೀರ ಕಂಡಾಗಲೆಲ್ಲ ಅಂಗಡಿಯ ಮೆತ್ತನೆಯ ಬಟ್ಟೆಯಿಂದ ಒರೆಸುತ್ತಿದ್ದ. ಅದೇ ದಿನಗಳಲ್ಲಿ ಡಬ್ಬಿಯ ಮಾತು ಚುರುಕಾಯಿತು, ನಯವೂ ಆಯಿತು. 'ಊಟ ಆಯಿತೇ? ನೀವು ಮಲಗಿ, ನನಗೇನೂ ಬೇಡ' ಎನ್ನುತ್ತಿತ್ತು. ಪುಸ್ತಕದ ಕನ್ನಡ ಕೇಳಿ ಕಸ್ತೂರಿ ನಕ್ಕಿದ್ದಳು. "ಅಕ್ಕಗ ಈಗ ಡಬ್ಬಿ ರೂಢಿ ಆಗೇತಿ ಭಾವ. ಅದು ಹೆಂಗ ಬರಕೊಡತೈತೋ ಹಂಗ ಹೇಳ್ತಾಳ."

ಮಹಾನಂದಾಳ ಕಣ್ಣಲ್ಲಿ ಒಮ್ಮೊಮ್ಮೆ ನೀರು ಸುರಿಯುತ್ತಿತ್ತು. ಯಾಕೆಂದು ಕೇಳಿದರೆ ಡಬ್ಬಿ ಹೇಳುತ್ತಿತ್ತು: "ಏನಿಲ್ಲ, ಕಣ್ಣಿಗೆ ಗಾಳಿ ತಾಗಿದೆ."

ಮುಂದೆ ಮಾಸ್ಕು ಕೂಡ ಸಾಲುವುದಿಲ್ಲ, ಗಂಟಲಿಗೆ ತೂತು ಮಾಡಿ ನಳಿಗೆ ಕೂಡಿಸಬೇಕಾಗುತ್ತದೆ, ಅದಕ್ಕೆ ಆಕೆ ಒಪ್ಪಬೇಕು ಎಂದು ವೈದ್ಯರು ಅವಳೆದುರಿಗೇ ಹೇಳಿದ್ದರು. ಡಬ್ಬಿ ಸ್ವಲ್ಪ ತಡೆದು ಉತ್ತರ ಕೊಟ್ಟಿತ್ತು. "ಬೇಡ. ನಿಮಗೆಲ್ಲ ಯಾಕೆ ತೊಂದರೆ. ನನಗೆ ಇಷ್ಟೇ ಸಾಕು." ವೈದ್ಯರು ಅದನ್ನು ಬರೆದುಕೊಂಡರು. ಚನ್ನವೀರ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತ. ಅಳುವಿನ ತಳದಲ್ಲಿ ಎಲ್ಲೋ ಒಂದಿಷ್ಟು ಹಗುರವೂ ಇತ್ತು. ಅದನ್ನು ಅವನು ನೋಡಲು ಹೋಗಲಿಲ್ಲ.

ಮಾಸ್ಕು ಬದಲಿಸುವ ಪ್ರಸಂಗ ಬಂದದ್ದು ಒಂದು ಹುಣ್ಣಿನಿಂದ. ಅಂಚು ಒತ್ತಿ ಒತ್ತಿ ಅವಳ ಮೂಗಿನ ದಿಣ್ಣೆ ಕೆಂಪಾಗಿ ಕಿತ್ತುಬಂದಿತ್ತು. ವಿದ್ಯಾನಗರದ ಕಡೆ ಉಸಿರಾಟದ ಮಾಸ್ಕು ಹೊಂದಿಸಿಕೊಡುವ ಒಂದು ಕೇಂದ್ರವಿತ್ತು. ಅಲ್ಲಿ ಮೊದಲ ಸಲ ಹೋದಾಗ ಬೆಳಕಿನ ಪಟ್ಟಿ ಹಾಯಿಸಿ ಅವಳ ಮುಖದ ಅಳತೆ ತೆಗೆದುಕೊಂಡರು. ಎರಡನೆಯ ಸಲ ಹೋದಾಗ ಮೇಜಿನ ಮೇಲೆ ಮಹಾನಂದಾ ಇದ್ದಳು.

ಚನ್ನವೀರ ಬಾಗಿಲಲ್ಲೇ ನಿಂತುಬಿಟ್ಟ. ಕುತ್ತಿಗೆಯಿಂದ ಮೇಲಕ್ಕಷ್ಟೇ, ಬಿಳಿ ರಬ್ಬರಿನಲ್ಲಿ ಅಚ್ಚು ಹಾಕಿದ ತಲೆ ಅದು. ಒಣಗಿದ ಕೆನ್ನೆ, ಎಡಕ್ಕೆ ಸ್ವಲ್ಪ ವಾಲಿದ ಮೂಗು, ಅರೆತೆರೆದ ಬಾಯಿ ಎಲ್ಲ ಅವಳದೇ. ಕಣ್ಣಿನ ಜಾಗದಲ್ಲಿ ಎರಡು ಗಾಜಿನ ಗುಂಡುಗಳು. ಮೂಗಿನ ಹೊಳ್ಳೆಗೆ ಹಿಂದಿನಿಂದ ಒಂದು ನಳಿಗೆ ಬಂದು ಬೆಚ್ಚನೆಯ ತೇವದ ಗಾಳಿಯನ್ನು ಒಳಗೂ ಹೊರಗೂ ಆಡಿಸುತ್ತಿತ್ತು. ತಲೆ ಉಸಿರಾಡುತ್ತಿತ್ತು.

"ಹೆದರಬ್ಯಾಡ್ರಿ ಕಾಕಾ," ಎಂದಳು ಅಲ್ಲಿಯ ತಂತ್ರಜ್ಞೆ ಮೆಹಜಬೀನ್ ಸವಣೂರ. ಮೂವತ್ತರ ಆಸುಪಾಸಿನ ಹೆಂಗಸು, ಮಾತಾಡುವಾಗಲೂ ಕೈ ಸುಮ್ಮನಿರುತ್ತಿರಲಿಲ್ಲ. "ಪ್ರತಿಯೊಂದು ಮಾಸ್ಕನ್ನೂ ಕಾಕೂ ಮಾರಿಗೇ ಹಾಕಿ ಬಿಗಿದು ನೋಡಿದ್ರ ಅವರಿಗೆ ತ್ರಾಸು. ಇದಕ್ಕ ಹಾಕಿ ನೋಡಿ, ಹೊಂದಿದ್ದನ್ನಷ್ಟ ಅವರಿಗೆ ಹಾಕೂಣು."

ಕಸ್ತೂರಿ ಅಕ್ಕನನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋದಳು. ಅಲ್ಲಿ ಅವಳಿಗೆ ಕೇಂದ್ರದ ಇನ್ನೊಂದು ಮಷಿನ್ನು ಹಚ್ಚಿ, ಮೂಗಿನ ಹುಣ್ಣಿಗೆ ಮುಲಾಮು ಹಾಕುವ ಏರ್ಪಾಟಾಗಿತ್ತು. ಮೆಹಜಬೀನ್ ಹಳೆಯ ದೊಡ್ಡ ಮಾಸ್ಕನ್ನೂ ಮಹಾನಂದಾಳ ಚಷ್ಮಾವನ್ನೂ ರಬ್ಬರಿನ ತಲೆಗೆ ಹಾಕಿದಳು. ಮೊದಲೇ ಗಾಲಿಕುರ್ಚಿಯಿಂದ ಬಿಚ್ಚಿಟ್ಟಿದ್ದ ಮಾತಿನ ಡಬ್ಬಿಯನ್ನು ಆ ತಲೆಯ ಎದುರಿಗಿಟ್ಟಳು. ಕ್ಯಾಮೆರಾಕ್ಕೆ ಮಾಸ್ಕು ಅಡ್ಡ ಬರುತ್ತದೆಯೋ ಏನೋ ನೋಡಬೇಕಿತ್ತು. ಮೂಗಿನ ಪಕ್ಕದಿಂದ ಗಾಳಿ ಸೋರಿ, ಚಷ್ಮಾದ ಗಾಜಿನ ಮೇಲೆ ಆವಿ ಏರಿತು, ಇಳಿಯಿತು, ಮತ್ತೆ ಏರಿತು.

"ಇನ್ನೂ ಭಾಳ ಹೊತ್ತು ಆಗತೈತೇನ್ರಿ?" ಎಂದು ಚನ್ನವೀರ ಕೇಳಿದ.

"ತೊಂದರೆ ಇಲ್ಲ, ನಿಧಾನವಾಗಿ ನೋಡಲಿ," ಎಂದಳು ಮಹಾನಂದಾ. "ನನಗೇನೂ ಅವಸರವಿಲ್ಲ."

ಚನ್ನವೀರ ಪಕ್ಕದ ಕೋಣೆಯ ಬಾಗಿಲ ಕಡೆ ತಿರುಗಿದ. ಬಾಗಿಲು ಮುಚ್ಚಿತ್ತು. ಮೆಹಜಬೀನಳ ಕೈಗಳು ಅಷ್ಟು ಹೊತ್ತಿನಲ್ಲಿ ಮೊದಲ ಸಲ ಸುಮ್ಮನಾದವು. ಇಬ್ಬರೂ ಒಟ್ಟಿಗೇ ಮೇಜಿನ ಮೇಲಿನ ತಲೆಯನ್ನು ನೋಡಿದರು. ಅದು ಉಸಿರಾಡುತ್ತಿತ್ತು. ಮಸುಕಾದ ಗಾಜಿನ ಹಿಂದೆ ಕಣ್ಣು ಇದ್ದಂತೆಯೇ ಕಾಣುತ್ತಿತ್ತು.

"ಮಹಾನಂದಾ?" ಅವನಿಗೇ ಗೊತ್ತಿಲ್ಲದೆ ಬಾಯಿಂದ ಬಂತು.

"ಹೇಳಿ. ನಾನು ಇಲ್ಲೇ ಇದ್ದೀನಿ."

ಮೆಹಜಬೀನ್ ಒಂದು ಕುರ್ಚಿ ಎಳೆದು ಅವನನ್ನು ಕೂರಿಸಿದಳು. ಆಮೇಲೆ ತಲೆಯ ಕಡೆ ಬಾಗಿ, ಆಸ್ಪತ್ರೆಯ ಕಾಗದದಲ್ಲಿ ಓದಿದ್ದ ಪ್ರಶ್ನೆಯನ್ನು ರೋಗಿಯ ಹತ್ತಿರ ಮಾತಾಡುವಷ್ಟೇ ಮೆಲ್ಲಗೆ ಕೇಳಿದಳು. "ಕಾಕೂ, ಗಂಟಲಿನ ಆಪರೇಷನ್ ಮಾಡಿಸ್ಕೊಳ್ತೀರೇನು?"

ಡಬ್ಬಿ ಸ್ವಲ್ಪ ತಡೆಯಿತು. "ಬೇಡ. ನಿಮಗೆಲ್ಲ ಯಾಕೆ ತೊಂದರೆ. ನನಗೆ ಇಷ್ಟೇ ಸಾಕು."

ಅದೇ ಮಾತು, ಅದೇ ತಡೆತ. ಮೆಹಜಬೀನ್ ಡಬ್ಬಿಯ ಗುಂಡಿ ಒತ್ತಿ ಆರಿಸಿದಳು. ಆಮೇಲೂ ಅವಳು ತಲೆಗೆ ಬೆನ್ನು ಹಾಕಿ ನಿಲ್ಲಲಿಲ್ಲ.

"ಈ ಕ್ಯಾಮೆರಾ ನೋಡೂದು ನಮ್ಮ ಕಣ್ಣಿಗೆ ಕಾಣದಂಥ ಬೆಳಕಿನ್ಯಾಗ," ಎಂದು ನಿಧಾನವಾಗಿ ಹೇಳಿದಳು. "ನಮಗ ಗಾಜು ಸ್ವಲ್ಪ ಮಬ್ಬು ಕಂಡ್ರ, ಅದಕ್ಕ ಪೂರಾ ಬಿಳೀ ಗ್ವಾಡಿ ಕಂಡಂಗ. ಚಷ್ಮಾ ಮುಂದ ಸರದು ಓರಿ ಆದ್ರಂತೂ ಬರೇ ಝಳಪು. ಕಣ್ಣು ಸಿಗೂದೇ ಇಲ್ಲ."

"ಕಣ್ಣು ಸಿಗದಿದ್ರ ಸುಮ್ಮನಿರಬೇಕಲ್ಲರೀ ಅದು?"

"ಮೊದಲಿನ ಡಬ್ಬಿಗಳು ಸುಮ್ಮನಿರ್ತಿದ್ವು. ಮನಿಮಂದಿಗೆ ಅದು ತಡಕೊಳ್ಳಾಕ ಆಗ್ತಿರಲಿಲ್ಲ. ಯಾಕ ಮಾತಾಡವಲ್ರು, ಏನಾತು ಅಂತ ಗಾಬರಿ. ಅದಕ್ಕ ಕಂಪನಿಯವರು ಊಹೆ ಕೂಡಿಸಿದ್ರು. ಕಣ್ಣು ಅರ್ಧ ಸಿಕ್ರ, ಎದುರಿನವರ ಮಾತು ಕೇಳಿ ಉಳಿದರ್ಧ ಅದೇ ತುಂಬ್ತೈತಿ. ಮಬ್ಬು ಗಾಜು ಕಂಡ್ರ ಹಿಂದ ಕಣ್ಣು ಐತಿ ಅಂತಾನ ತಿಳಕೊಂತೈತಿ, ಆದ್ರ ಏನೂ ಸಿಗದಿದ್ರ..." ಅವಳು ಆರಿದ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. "ಯಾರ ಹಿಂದಿನ ಮಾತು ಕೇಳಿ ಅದು ಕಲ್ತೈತಿ ಕಾಕಾ?"

ದೂರು ಕೇಂದ್ರದ ಕುರ್ಚಿಯಲ್ಲಿ ಕೂತು ಎಲ್ಲದಕ್ಕೂ ಆಯಿತು ಸರ್ ಎನ್ನುತ್ತಿದ್ದ ಒಬ್ಬ ಹೆಂಗಸು ಚನ್ನವೀರನ ಕಣ್ಣಿಗೆ ಕಟ್ಟಿದಳು. ಆ ಹೆಂಗಸಿನ ಜೊತೆ ಅವನು ಏಳೆಂಟು ತಿಂಗಳು ಸಂಸಾರ ಮಾಡಿದ್ದ. ಮಗ್ಗುಲಲ್ಲೇ ಹೆಂಡತಿ ಎಲ್ಲವನ್ನೂ ಕೇಳುತ್ತ ಕೂತಿದ್ದಳು.

ಡಬ್ಬಿ ಬರುವ ಮೊದಲು ಅವರಿಗೊಂದು ಸನ್ನೆಯಿತ್ತು. ಕಣ್ಣು ಮೇಲೆತ್ತಿದರೆ ಹೌದು, ಮುಚ್ಚಿದರೆ ಅಲ್ಲ. ಡಬ್ಬಿ ಸರಾಗವಾಗಿ ಮಾತಾಡತೊಡಗಿದ ಮೇಲೆ ಯಾರೂ ಆ ಸನ್ನೆ ಕೇಳಿರಲಿಲ್ಲ. ಚನ್ನವೀರ ಪಕ್ಕದ ಕೋಣೆಗೆ ಹೋಗಿ ಅವಳ ಎದುರಿಗೆ ಮೊಣಕಾಲೂರಿ ಕೂತ. ಚಷ್ಮಾ ಇಲ್ಲದ ಅವಳ ಕಣ್ಣು ಅವನನ್ನು ಹುಡುಕಿ ಹಿಡಿಯಿತು.

"ಆಪರೇಷನ್ ಬ್ಯಾಡ ಅಂದಿದ್ದು ನೀ ಹೌದೇನು?"

ಅವಳು ಕಣ್ಣು ಮುಚ್ಚಿದಳು. ಬಿಗಿಯಾಗಿ ಮುಚ್ಚಿ, ತೆರೆದು, ಮತ್ತೆ ಮುಚ್ಚಿದಳು.

"ಸಲೋಮಿಗೆ ಬರಬ್ಯಾಡ ಅಂದಿದ್ದು?" ಸಲೋಮಿ ಅವಳ ಪಕ್ಕದ ಕುರ್ಚಿಯಲ್ಲಿ ವರ್ಷಗಟ್ಟಲೆ ಫೋನು ಎತ್ತಿದವಳು. ಪ್ರತಿ ಭಾನುವಾರ ಬರುತ್ತಿದ್ದವಳು, ಡಬ್ಬಿ 'ನೀವು ಇಷ್ಟು ದೂರ ಬರುವ ತೊಂದರೆ ತೆಗೆದುಕೊಳ್ಳಬೇಡಿ' ಎಂದ ಮೇಲೆ ಬರುವುದನ್ನು ಬಿಟ್ಟಿದ್ದಳು.

ಮತ್ತೆ ಕಣ್ಣು ಮುಚ್ಚಿತು.

ಹಿಂದೆ ನಿಂತಿದ್ದ ಕಸ್ತೂರಿ ತಾನು ಉಟ್ಟಿದ್ದ ಅಕ್ಕನ ಇಳಕಲ್ ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. "ಇದು, ಅಕ್ಕಾ?" ಎಂದಳು. "ನೀ ಉಟ್ಕೋ, ನಾ ಇನ್ನ ಎಲ್ಲಿ ಉಡ್ತೀನಿ ಅಂದಿದ್ದು?"

ಕಣ್ಣು ಮುಚ್ಚಿಯೇ ಇದ್ದವು. ರೆಪ್ಪೆಯ ಅಂಚಿನಿಂದ ನೀರು ಇಳಿಯಿತು. ಯಾಕೆಂದು ಈ ಸಲ ಯಾರೂ ಕೇಳಲಿಲ್ಲ.

ಆ ಮಧ್ಯಾಹ್ನವೆಲ್ಲ ಮಾಸ್ಕು ಆರಿಸುವುದರಲ್ಲೇ ಹೋಯಿತು. ಮೆಹಜಬೀನ್ ಮೂರನ್ನು ಮೇಜಿನ ಮೇಲೆ ಸಾಲಾಗಿಟ್ಟಳು. ಒಂದು ಹಣೆಯಿಂದ ಗದ್ದದವರೆಗೆ ಇಡೀ ಮುಖವನ್ನೇ ಮುಚ್ಚುವ ಪಾರದರ್ಶಕ ಮಾಸ್ಕು. ಹುಣ್ಣಿನ ಮೇಲೆ ಒತ್ತುವುದಿಲ್ಲ, ಗಾಳಿ ಸೋರುವುದಿಲ್ಲ, ಆದರೆ ಚಷ್ಮಾ ಹಿಡಿಸುವುದಿಲ್ಲ. ಚಷ್ಮಾ ಇಲ್ಲದೆ ಅವಳಿಗೆ ಅಕ್ಷರ ಕಾಣುವುದಿಲ್ಲ. ಇನ್ನೊಂದು ಮೂಗಿನ ಕೆಳಗಿನಿಂದ ಬಾಯಿಯನ್ನೂ ಸೇರಿಸಿ ಮುಚ್ಚುವಂಥದು. ಚಷ್ಮಾಕ್ಕೆ ಜಾಗವಿತ್ತು, ಆದರೆ ಅವಳ ಸೊರಗಿದ ಕೆನ್ನೆಗೆ ಅಂಟದೆ, ಗಾಳಿ ಮೇಲಕ್ಕೆ ಹಾರಿ ಕಣ್ಣಿಗೇ ಹೊಡೆಯಿತು. ಮೂರನೆಯದು ಹೊಳ್ಳೆಗಳಲ್ಲಿ ಕೂರುವ ಎರಡು ಪುಟ್ಟ ಮೆತ್ತನೆಯ ತುದಿಗಳು, ಅಷ್ಟೇ. ಮೂಗಿನ ದಿಣ್ಣೆ ಖಾಲಿ, ಚಷ್ಮಾ ತನ್ನ ಜಾಗದಲ್ಲಿ ಕೂತಿತು, ಗಾಜು ತಿಳಿಯಾಗಿತ್ತು. ಬಾಯಿ ತೆರೆದುಕೊಳ್ಳದಂತೆ ಗದ್ದಕ್ಕೊಂದು ಪಟ್ಟಿ ಬೇಕು. ಅದಿದ್ದರೂ ಬಾಯಿಯಿಂದ ಗಾಳಿ ಸೋರಿ, ಹೊತ್ತು ಹೋದಂತೆ ದಣಿವು ಏರುತ್ತದೆ.

"ಇದನ್ನ ಹಾಕ್ಕೊಂಡು ನಾಲ್ಕು ತಾಸು ಇರಬಹುದು, ಅದಕ್ಕಿಂತ ಹೆಚ್ಚು ಆಗೂದಿಲ್ಲ," ಎಂದಳು ಮೆಹಜಬೀನ್, ಮಹಾನಂದಾಳನ್ನೇ ನೋಡುತ್ತ. "ಉಳಿದ ಹೊತ್ತು ಇಡೀ ಮುಖದ್ದು ಹಾಕಬೇಕು. ಅದರಾಗ ಉಸಿರು ಚಲೋ ಬರತೈತಿ, ಮಾತು ಇರೂದಿಲ್ಲ. ಇದರಾಗ ಮಾತು ಐತಿ, ಉಸಿರು ಕಡಿಮಿ. ಹೆಂಗ ಮಾಡೂಣು ಕಾಕೂ?"

ಮಹಾನಂದಾ ಕಣ್ಣನ್ನು ಮೂರನೆಯದರ ಮೇಲಿಟ್ಟಳು. ಆಮೇಲೆ ಮೇಲೆತ್ತಿದಳು.

ಮೆಹಜಬೀನ್ ಅದನ್ನೂ ಚಷ್ಮಾವನ್ನೂ ಅವಳಿಗೆ ಹಾಕಿ, ಗುಂಡಿಯೊಂದನ್ನು ಒತ್ತಿ ಊಹೆಯನ್ನು ಮುಚ್ಚಿ, ಡಬ್ಬಿಯನ್ನು ಅವಳ ಮುಂದಿಟ್ಟಳು. ಪರದೆಯ ಮೇಲೆ ಒಂದು ಅಕ್ಷರ ಬಂತು. ಬಹಳ ಹೊತ್ತಾದ ಮೇಲೆ ಇನ್ನೊಂದು. ಕಸ್ತೂರಿ ಗೋಡೆಗೆ ಆತು ನಿಂತು, ಸಾಕಾಗಿ ನೆಲದ ಮೇಲೆ ಕೂತಳು. ಕೊನೆಗೆ ಡಬ್ಬಿ ಇಡೀ ವಾಕ್ಯವನ್ನು ಆ ನಯವಾದ ದನಿಯಲ್ಲಿಯೇ ಓದಿತು.

"ಅಕಿ ಮಾತಾಡುವಾಗ ನಾ ಒಳಗ ಒದರತಿದ್ದೆ."

ಆ ವಾರವೇ ಚನ್ನವೀರ ಆಸ್ಪತ್ರೆಗೆ ಹೋಗಿ, ಬರೆದುಕೊಂಡ ಉತ್ತರವನ್ನು ಹೊಡೆದುಹಾಕಿಸಿದ. ವೈದ್ಯರು ಮನೆಗೇ ಬಂದು ಮತ್ತೊಮ್ಮೆ ಕೇಳಿದರು. ಈ ಸಲವಾದರೂ ಅವಳು ಬೇಕು ಎನ್ನುತ್ತಾಳೆಂದು ಎಲ್ಲರೂ ಕಾದರು. ಬಂದದ್ದು ಬೇರೆ ಮಾತು. "ಬೇಕೋ ಬ್ಯಾಡೋ ವಿಚಾರ ಮಾಡಿಲ್ಲ. ಇಲ್ಲೀತನಕ ನನ್ನ ಯಾರು ಕೇಳ್ಯಾರ?" ವೈದ್ಯರು ತಲೆ ತಗ್ಗಿಸಿ, ಸಾವಕಾಶ ಹೇಳಿ ಎಂದು ಹೋದರು. ಸಲೋಮಿ ಮತ್ತೆ ಬರತೊಡಗಿದಳು. ಕಸ್ತೂರಿ ಸೀರೆಯನ್ನು ಒಗೆದು, ಇಸ್ತ್ರಿ ಮಾಡಿಸಿ, ಅಕ್ಕನ ಕಪಾಟಿನಲ್ಲಿಟ್ಟಳು. ಒಂದು ಬೆಳಿಗ್ಗೆ ಯಾರೂ ಕೇಳದೆಯೇ ಮಹಾನಂದಾ ಬರೆದಳು. "ಆಪರೇಷನ್ ಮಾಡಸ್ರಿ." ಅದಕ್ಕೆ ತಾರೀಖೂ ಗೊತ್ತಾಯಿತು.

ಎಲ್ಲ ಸರಿಹೋಯಿತೆಂದು ನೆಂಟರು ಹೇಳಿದರು. ಚನ್ನವೀರನೂ ಹೌದೆಂದ. ಆದರೆ ಮನೆ ನಿಶ್ಶಬ್ದವಾಗಿಬಿಟ್ಟಿತ್ತು. ನಾಲ್ಕು ತಾಸಿನಲ್ಲಿ ಅವಳು ಆಡುತ್ತಿದ್ದುದು ನಾಲ್ಕಾರು ಮಾತು. ಅದರಲ್ಲಿ ಅರ್ಧ ದಿಂಬಿನ ಬಗ್ಗೆ, ಸೆಕೆಯ ಬಗ್ಗೆ, ಕಸ್ತೂರಿ ಒಗ್ಗರಣೆ ಸೀಯಿಸಿದ ಬಗ್ಗೆ. ಅವನು ಅಂಗಡಿಯಿಂದ ಬಂದಾಗ ಯಾರೂ ಊಟ ಆಯಿತೇ ಎನ್ನುತ್ತಿರಲಿಲ್ಲ. ಕದ ತೆಗೆಯುವಾಗ ಆ ಪ್ರಶ್ನೆಗಾಗಿ ತಾನು ಕಿವಿ ಕೊಡುತ್ತಿದ್ದೇನೆಂದು ಅವನಿಗೆ ಗೊತ್ತಾಗುತ್ತಿತ್ತು. ಇಡೀ ಮುಖದ ಮಾಸ್ಕಿನೊಳಗೆ ಅವಳು ಮಲಗಿರುವಾಗ, ಎದುರಿಗಿದ್ದ ಡಬ್ಬಿಯ ಕರಿ ಪರದೆಯಲ್ಲಿ ತನ್ನ ಮುಖದ ಹಿಂದೆ ಇನ್ನಾರೋ ಕೂತಂತೆ ಅವನಿಗೆ ಕಾಣುತ್ತಿತ್ತು. ಆಕೆ ಎಲ್ಲಿಗೆ ಹೋದಳು? ಹೋಗಲು ಆಕೆ ಇದ್ದಳೇ? ಇಲ್ಲದವಳಿಗೆ ಯಾಕೆ ತಾನು ಹೀಗೆ ಕೊರಗಬೇಕು?

ಆಪರೇಷನ್ನಿಗೆ ಇನ್ನು ಕೆಲವೇ ದಿನ ಉಳಿದಿದ್ದವು. ಕಸ್ತೂರಿ ಸಂತೆಗೆ ಹೋಗಿದ್ದ ಒಂದು ಮಧ್ಯಾಹ್ನ ಚನ್ನವೀರ ಡಬ್ಬಿಯನ್ನು ಮೆಲ್ಲಗೆ ಬಿಚ್ಚಿಕೊಂಡು ಪಡಸಾಲೆಗೆ ತಂದ. ಒಳಗೆ ಮಹಾನಂದಾ ಕಣ್ಣು ಮುಚ್ಚಿ ಮಲಗಿದ್ದಳು. ಅವನು ಊಹೆಯನ್ನು ಮತ್ತೆ ತೆರೆದ. ಕಪಾಟಿನಿಂದ ಅವಳ ಇನ್ನೊಂದು ಚಷ್ಮಾ ತೆಗೆದು, ಗಾಜಿಗೆ ಬಾಯಿ ಹಚ್ಚಿ ಹಾ ಎಂದು ಉಸಿರು ಬಿಟ್ಟ. ಗಾಜು ಬೆಳ್ಳಗಾಯಿತು. ಅದನ್ನು ಕ್ಯಾಮೆರಾದ ಮುಂದೆ ಹಿಡಿದ.

"ಬಂದಿರಾ?" ಎಂದಿತು ಡಬ್ಬಿ. "ದಣಿದಿದ್ದೀರಿ. ಊಟ ಆಯಿತೇ?"

"ಆತು," ಎಂದ. ಉಸಿರಿನ ಮಬ್ಬು ಆರತೊಡಗಿತ್ತು. ಮತ್ತೆ ಊದಿದ. ಕೇಳಬಾರದೆಂದುಕೊಂಡಿದ್ದನ್ನೇ ಕೇಳಿದ. "ನನ್ನ ಸಂಗಾಟ ಬಾಳೇ ಮಾಡಿದಿ. ನಿನಗ ನನ್ನ ಮ್ಯಾಲೆ ಏನರ ಮನಸಿನ್ಯಾಗ ಐತೇನು?"

"ಇಲ್ಲ. ನನಗೆ ನಿಮ್ಮ ಮೇಲೆ ಯಾವ ದೂರೂ ಇಲ್ಲ."

ಆ ಮಾತನ್ನು ಹಿಡಿದುಕೊಂಡು ಅವನು ಎಷ್ಟು ಹೊತ್ತು ಕೂತನೋ. ಗಾಜು ತಿಳಿಯಾಗಿ ಡಬ್ಬಿ ಸುಮ್ಮನಾಯಿತು. ಒಳಗಿನಿಂದ ಉಸಿರಿನ ಮಷಿನ್ನಿನ ಸಪ್ಪಳ ಒಂದೇ ಸಮನೆ ಕೇಳುತ್ತಿತ್ತು. ಪಡಸಾಲೆಗೂ ಅವಳ ಮಂಚಕ್ಕೂ ನಡುವೆ ಒಂದು ತೆಳುವಾದ ಬಟ್ಟೆಯ ಪರದೆ ಮಾತ್ರ ಇದೆ ಎಂಬುದು ಅವನಿಗೆ ಆಗ ಹೊಳೆಯಿತು.

ಅವನು ಆ ಬಟ್ಟೆ ಸರಿಸಿದ. ಮಹಾನಂದಾ ಕಣ್ಣು ತೆರೆದು ಬಾಗಿಲನ್ನೇ ನೋಡುತ್ತಿದ್ದಳು. ಅವನು ಡಬ್ಬಿಯನ್ನು ತಂದು ಅವಳ ಎದುರಿಗಿಟ್ಟ. ಅವಳ ಮುಖದ ದೊಡ್ಡ ಮಾಸ್ಕು ತೆಗೆದು, ಹೊಳ್ಳೆಗೆ ಪುಟ್ಟದನ್ನು ಕೂರಿಸಿ, ಗದ್ದದ ಪಟ್ಟಿ ಬಿಗಿದು, ಚಷ್ಮಾ ಹಾಕಿದ. ಊಹೆಯನ್ನು ಮುಚ್ಚಿದ. ಮುಚ್ಚಿದ್ದು ಅವಳಿಗೆ ಕಾಣುವಂತೆ ಡಬ್ಬಿಯ ಪರದೆಯನ್ನು ತಿರುಗಿಸಿ ತೋರಿಸಿದ. ಅವಳಿಂದ ಬರಬಹುದಾದ ಬೈಗುಳಕ್ಕೆಲ್ಲ ತಯಾರಾಗಿ ನಿಂತ.

ಅಕ್ಷರಗಳು ಒಂದೊಂದಾಗಿ ಬಂದವು. "ಅಕಿ ಏನಂದ್ಲು?"

ಅವಳು ಕೇಳಿಸಿಕೊಂಡಿದ್ದಳು. ಆದರೂ ಅವನ ಬಾಯಿಂದ ಬರಬೇಕಾಗಿತ್ತು.

"ದೂರು ಇಲ್ಲ ಅಂದ್ಲು," ಎಂದ ಚನ್ನವೀರ.

ಮಹಾನಂದಾ ಅವನನ್ನು ಬಹಳ ಹೊತ್ತು ನೋಡಿದಳು. ಆ ನೋಟದಲ್ಲಿ ಸಿಟ್ಟಿತ್ತೋ ಕನಿಕರವಿತ್ತೋ ಅವನಿಗೆ ತಿಳಿಯಲಿಲ್ಲ. ಆಮೇಲೆ ಅವಳ ಕಣ್ಣು ಪರದೆಗೆ ಹೋಯಿತು.

"ಐತಿ," ಎಂದಿತು ಡಬ್ಬಿ. ಮತ್ತೆ ಎಷ್ಟೋ ಹೊತ್ತಾದ ಮೇಲೆ, "ಕುಂದರ್ರಿ."

ಅವನು ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತ. ಹೊರಗೆ ರಸ್ತೆಯಲ್ಲಿ ಯಾರೋ ಗಾಡಿ ನಿಲ್ಲಿಸಿ ಬಾಳೆಹಣ್ಣು ಕೂಗುತ್ತಿದ್ದರು. ಪರದೆಯ ಮೇಲೆ ಮೊದಲ ಅಕ್ಷರ ಮೂಡಿತು, 'ನೀ'. ಚನ್ನವೀರನ ತಲೆಯೊಳಗೆ ಒಂದು ನಯವಾದ ದನಿ ಆಗಲೇ ಉಳಿದ ಮಾತನ್ನೆಲ್ಲ ತುಂಬಿ ಹೇಳಿಬಿಟ್ಟಿತು. ಅದು ಆಡಿ ಮುಗಿಸಿ ಸುಮ್ಮನಾಗುವವರೆಗೂ ಅವನು ತಡೆದ. ಆಮೇಲೆ ಎರಡನೆಯ ಅಕ್ಷರಕ್ಕೆ ಕಾದು ಕೂತ.